ನಾಲ್ಕು ಮಡಿಕೆಯ ಬೈರಾಸು

ಕುರ್ಚಿ ಅಲುಗುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಸ್ವರ್ಣಲತಾ ಮಗಳನ್ನು ಕತ್ತಿಯ ಆಟಕ್ಕೆ ಬಿಟ್ಟಿದ್ದಳು.

ಎರಡು ವರ್ಷಗಳ ಹಿಂದಿನ ಮಾತು. ಸೌದಿಯ ಯಾನ್ಬು ಊರಿನ ಕ್ರೀಡಾಭವನದಲ್ಲಿ ಹೆಂಗಸರಿಗೆಂದೇ ಇದ್ದ ಸಭಾಂಗಣದಲ್ಲಿ ಜುವೈರಿಯಾ ಎರಡು ವೀಲ್‌ಚೇರ್‌ಗಳನ್ನು ಎದುರುಬದುರಾಗಿಟ್ಟು, ನೆಲದ ಮೇಲಿನ ಲೋಹದ ಚೌಕಟ್ಟಿಗೆ ಕಚ್ಚಿಸಿ, ತಿರುಪು ಬಿಗಿದು, "ದೂಡಿ ನೋಡಿ ಸ್ವರ್ಣಕ್ಕ" ಎಂದಿದ್ದಳು. ಜುವೈರಿಯಾ ಉಳ್ಳಾಲದ ಬ್ಯಾರಿ ಮನೆಯ ಹುಡುಗಿ. ಆಸ್ಪತ್ರೆಗೆ ಫಿಸಿಯೋಥೆರಪಿಸ್ಟ್ ಆಗಿ ಬಂದವಳು, ಸಂಜೆ ಹೊತ್ತು ವೀಲ್‌ಚೇರ್ ಫೆನ್ಸಿಂಗ್ ಕಲಿಸುತ್ತಿದ್ದಳು. ಸ್ವರ್ಣಲತಾ ಒಂದು ಕೈಯಲ್ಲಿ ದೂಡಿದಳು, ಎರಡು ಕೈಯಲ್ಲಿ ದೂಡಿದಳು, ಕೊನೆಗೆ ಸೊಂಟ ಕೊಟ್ಟು ದೂಡಿದಳು. ಕುರ್ಚಿ ಜಪ್ಪಯ್ಯ ಎಂದರೂ ಕದಲಲಿಲ್ಲ.

ವಿಸ್ಮಯಾ ಬೆನ್ನುಹುರಿಯ ದೋಷದೊಂದಿಗೇ ಹುಟ್ಟಿದ ಮಗು. ಸೊಂಟದಿಂದ ಕೆಳಗೆ ಚಲನೆಯಿಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಇಳಿಜಾರಿನಲ್ಲಿ, ಲಿಫ್ಟಿನ ಬಾಗಿಲಲ್ಲಿ, ಮಾಲಿನ ನುಣುಪು ನೆಲದಲ್ಲಿ ಎಲ್ಲಿ ಜಾರಿಬಿಡುತ್ತದೋ ಎಂದು ಕುರ್ಚಿಯ ಹಿಡಿಯಿಂದ ಕೈ ತೆಗೆಯದೆ ಹದಿನಾರು ವರ್ಷ ಕಳೆದವಳು ಸ್ವರ್ಣಲತಾ. ಆವತ್ತು ನೆಲಕ್ಕೆ ಕಚ್ಚಿಕೊಂಡ ಆ ಕುರ್ಚಿಯನ್ನು ನೋಡುತ್ತಿದ್ದಂತೆ ಅವಳ ಹೆಗಲು ತಾನಾಗಿ ಕೆಳಗಿಳಿದಿತ್ತು. ಕತ್ತಿಯ ತುದಿ ಮೊಂಡು, ಮುಖಕ್ಕೆ ಜಾಲರಿಯ ಮುಖವಾಡ, ಮೈಗೆ ದಪ್ಪ ಜಾಕೆಟ್ಟು. ಇಷ್ಟೆಲ್ಲ ಇರುವಾಗ ಹೆದರಲಿಕ್ಕೆ ಏನಿದೆ?

ಹೆದರಲಿಕ್ಕೆ ಒಂದು ಸಿಕ್ಕಿತು. ಕಳೆದ ವರ್ಷ ವಿಸ್ಮಯಾಳಿಗೆ ಕೂತು ಕೂತು ಹಿಂಬದಿಯಲ್ಲಿ ಹುಣ್ಣಾಯಿತು. ನೋವೇ ತಿಳಿಯದ ಜಾಗ. ಬಟ್ಟೆಗೆ ಕಲೆ ಹತ್ತಿದ ಮೇಲೆಯೇ ಗೊತ್ತಾದದ್ದು. ಮೂರು ತಿಂಗಳು ಹುಡುಗಿ ಬೋರಲಾಗಿ ಮಲಗಿಯೇ ಹನ್ನೆರಡನೇ ಕ್ಲಾಸಿನ ಪಾಠ ಓದಿದಳು. ಹುಣ್ಣು ಮಾಯ್ದ ಮೇಲೆ ಡಾಕ್ಟರಮ್ಮ ತಾಯಿಗೆ ಒಂದು ಪರೀಕ್ಷೆ ಹೇಳಿಕೊಟ್ಟರು. ದಿನವೂ ನೋಡಬೇಕು. ಕೆಂಪು ಕಂಡರೆ ಬೆರಳಿನಿಂದ ಒತ್ತಬೇಕು. ಬೆರಳು ತೆಗೆದಾಗ ಚರ್ಮ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ ಎಂದು ಅರ್ಥ. ಅರ್ಧ ಗಂಟೆ ಭಾರ ಹಾಕದಿದ್ದರೆ ಹೋಗಿಬಿಡುತ್ತದೆ. ಹೋಗದಿದ್ದರೆ ಮತ್ತೆ ಹುಣ್ಣಿನ ಶುರು.

ಸ್ವರ್ಣಲತಾ ಅದಕ್ಕೆ ತನ್ನದೊಂದು ಷರತ್ತು ಸೇರಿಸಿದಳು. "ಅರ್ಧ ಗಂಟೆಯಲ್ಲಿ ಹೋಗದ ಕೆಂಪು ಒಂದು ಸಲ ಕಂಡ್ರೆ ಸಾಕು ಮಗಾ, ಫೆನ್ಸಿಂಗ್ ಬಂದ್. ಮತ್ತೆ ಅಳುವುದು ಕರೆಯುವುದು ಎಂತದ್ದೂ ಇಲ್ಲ."

"ಸರಿ," ಎಂದಿದ್ದಳು ವಿಸ್ಮಯಾ. "ಆದ್ರೆ ಹೋದ್ರೆ ನೀನು ಬಾಯಿ ಬಿಡ್ಬಾರದು."

ಇದೆಲ್ಲ ಆಗಿ ವರ್ಷದ ಮೇಲೆ, ಒಂದು ಶನಿವಾರ ಯಾನ್ಬು, ಮದೀನಾ, ಜಿದ್ದಾದ ಕ್ಲಬ್ಬುಗಳ ಹುಡುಗಿಯರ ನಡುವೆ ಪಂದ್ಯವಿತ್ತು. ವಿಸ್ಮಯಾಳಿಗೆ ಅದು ಮೊದಲನೆಯದು. ಬೆಳಿಗ್ಗೆ ಕತ್ತಿಯ ತುದಿಗೆ ತೂಕ ಹಾಕಿ ನೋಡಿದರು, ತಂತಿಗಳನ್ನು ನೋಡಿದರು, ಕುರ್ಚಿಯ ಬೆನ್ನಿನ ಎತ್ತರ, ಕುಶನಿನ ದಪ್ಪ ಅಳೆದು ಮೊಹರು ಒತ್ತಿದರು. ಆಮೇಲೆ ಐದೈದು ಪಾಯಿಂಟಿನ ಸಣ್ಣ ಆಟಗಳು. ವಿಸ್ಮಯಾ ಮೂರರಲ್ಲಿ ಎರಡು ಗೆದ್ದಳು. ಸ್ವರ್ಣಲತಾಳಿಗೆ ಗೆದ್ದದ್ದು ಕಾಣಲಿಲ್ಲ. ಕಂಡದ್ದು ಒಂದೇ: ಚುಚ್ಚಲು ಮುಂದಕ್ಕೆ ಬಾಗುವಾಗ, ತಪ್ಪಿಸಿಕೊಳ್ಳಲು ಹಿಂದಕ್ಕೆ ಬೀಳುವಾಗ, ಹುಡುಗಿಯ ಇಡೀ ಭಾರ ಆ ಹಳೆಯ ಹುಣ್ಣಿನ ಜಾಗದ ಮೇಲೆ ತಿರುಗಿ ತಿರುಗಿ ಬೀಳುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ವಿಸ್ಮಯಾ ಚಾಪೆಯ ಮೇಲೆ ಬೋರಲು ಮಲಗಿ ಕಣ್ಣು ಮುಚ್ಚಿದಳು. ಕುರ್ಚಿ ಖಾಲಿ ನಿಂತಿತ್ತು. ಸ್ವರ್ಣಲತಾಳ ಚೀಲದಲ್ಲಿ ಊರಿನಿಂದ ತಂದ ಕೆಂಪು ಚೌಕುಳಿಯ ಬೈರಾಸು ಇತ್ತು. ಒಗೆದು ಒಗೆದು ಹೂವಿನಷ್ಟು ಮೆತ್ತಗಾದ ಬಟ್ಟೆ. ಕರಾವಳಿಯವರಿಗೆ ಬೈರಾಸು ಇಲ್ಲದೆ ಕೈ ಓಡುವುದಿಲ್ಲ. ತಲೆ ಒರೆಸುವುದಕ್ಕೂ ಅದೇ, ಬಿಸಿ ಪಾತ್ರೆ ಇಳಿಸುವುದಕ್ಕೂ ಅದೇ, ಗಟ್ಟಿ ಬೆಂಚಿನ ಮೇಲೆ ಹಾಸಿ ಕೂರುವುದಕ್ಕೂ ಅದೇ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಕುಶನಿನ ಕವರಿನ ಜಿಪ್ಪು ತೆಗೆದು, ಸ್ಪಂಜಿನ ಮೇಲೆ ಹರಡಿ, ಜಿಪ್ಪು ಎಳೆದಳು. ಅಂಗೈಯಿಂದ ಸವರಿ ನೋಡಿದಳು. ಮೆತ್ತಗಿತ್ತು. ಮನಸ್ಸಿಗೆ ಹಾಯೆನಿಸಿತು. ಮಗಳಿಗೆ ಹೇಳಬೇಕೆಂದು ಅವಳಿಗೆ ತೋರಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದಳು. ಹೇಳದಿದ್ದರೆ, ಕೂತವಳಿಗೆ ಗೊತ್ತಾಗುವ ಹಾಗೂ ಇರಲಿಲ್ಲ.

ಎರಡೂವರೆಗೆ ವಿಸ್ಮಯಾಳ ಹೆಸರು ಕೂಗಿದರು. ಎದುರಾಳಿ ಮದೀನಾದ ಝೈನಬ್. ಹೈದರಾಬಾದಿನ ಕುಟುಂಬದವಳು, ಹುಟ್ಟಿ ಬೆಳೆದದ್ದೆಲ್ಲ ಮದೀನಾದಲ್ಲಿ. ಸ್ವರ್ಣಲತಾಳ ಕಣ್ಣು ಮೊದಲು ಹೋದದ್ದು ಅವಳ ತೋಳಿಗೆ. ಕೂತಲ್ಲಿಂದಲೇ ಮಾವಿನಕಾಯಿ ಕೀಳುವಷ್ಟು ಉದ್ದ.

"ಅವಳು ಅಷ್ಟು ಉದ್ದ ಉಂಟಲ್ಲ ಜುವೈರಿಯಾ, ಇವಳಿಗೆ ಎಟುಕುವುದು ಹೇಗೆ?"

"ಅದಕ್ಕೂ ಲೆಕ್ಕ ಉಂಟು ಸ್ವರ್ಣಕ್ಕ, ನೋಡಿ."

ಎರಡೂ ಕುರ್ಚಿಗಳನ್ನು ಚೌಕಟ್ಟಿಗೆ ಕಚ್ಚಿಸಿದರು. ಝೈನಬ್ ಕತ್ತಿಯ ಕೈಯನ್ನು ಮೊಣಕೈಯಲ್ಲಿ ಮಡಚಿ ಕೂತಳು. ವಿಸ್ಮಯಾ ತನ್ನ ಕೈ ಪೂರ್ತಿ ನೀಡಿ, ಕತ್ತಿಯ ತುದಿ ಆ ಮೊಣಕೈಗೆ ತಾಗುವಂತೆ ಹಿಡಿದಳು. ರೆಫರಿ ಅಷ್ಟು ಅಂತರಕ್ಕೆ ಗುರುತು ಹಾಕಿದಳು. ಆಮೇಲೆ ಝೈನಬಳ ಅಳತೆ. ಅದು ಒಂದು ಗೇಣು ದೂರ ಬಂತು. ಎರಡರಲ್ಲಿ ಯಾವುದು ಬೇಕು ಎಂದು ರೆಫರಿ ಕೇಳಿದ್ದು ವಿಸ್ಮಯಾಳನ್ನು.

"ಕೈ ಗಿಡ್ಡ ಇದ್ದವರು ಹೇಳಿದ್ದೇ ಅಂತರ," ಎಂದಳು ಜುವೈರಿಯಾ. "ಓಡಿ ಹೋಗ್ಲಿಕ್ಕೆ ಆಗುವುದಿಲ್ಲ ಅಲ್ವಾ ಇಲ್ಲಿ. ಅದಕ್ಕೆ ಮೊದಲೇ ಸಮ ಮಾಡುವುದು."

ವಿಸ್ಮಯಾ ಹತ್ತಿರದ್ದನ್ನೇ ಕೇಳಿದಳು. ಸ್ವರ್ಣಲತಾ ಮನಸ್ಸಿನಲ್ಲೇ ಆ ನಿಯಮ ಬರೆದವರಿಗೆ ಕೈಮುಗಿದಳು. ಇಬ್ಬರ ತೊಡೆಯ ಮೇಲೂ ಮಿರುಗುವ ಲೋಹದ ನೂಲಿನ ಬಟ್ಟೆ ಹೊದೆಸಿದರು. ಅದರ ಮೇಲೆ ಕತ್ತಿ ತಾಗಿದರೆ ಲೆಕ್ಕವಿಲ್ಲ, ಪಾಯಿಂಟಿನ ದೀಪ ಹತ್ತುವುದಿಲ್ಲ. ಸೊಂಟದಿಂದ ಮೇಲೆ ಎಲ್ಲಿ ತಾಗಿದರೂ ಪಾಯಿಂಟು. ಇಬ್ಬರೂ ಒಟ್ಟಿಗೇ ತಾಗಿಸಿದರೆ ಇಬ್ಬರಿಗೂ ಒಂದೊಂದು. ಮೊದಲು ಹದಿನೈದು ಮುಟ್ಟಿದವರು ಗೆದ್ದಂತೆ. ಮೂರು ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು.

ಕತ್ತಿ ಮುಖದ ಮಟ್ಟಕ್ಕೆತ್ತಿ ಇಬ್ಬರೂ ವಂದಿಸಿಕೊಂಡರು. ಮುಖವಾಡ ಇಳಿಯಿತು.

ಮೊದಲ ಎರಡು ಪಾಯಿಂಟು ವಿಸ್ಮಯಾಳದು. ಎಡಗೈಯಲ್ಲಿ ಚಕ್ರದ ಅಂಚು ಹಿಡಿದು, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ, ಝೈನಬಳ ಕತ್ತಿ ಗಾಳಿಯಲ್ಲಿ ಸೋತ ಕ್ಷಣಕ್ಕೆ ಮುಂದೆ ಚಿಮ್ಮಿ ಮಣಿಕಟ್ಟಿಗೆ ತಾಗಿಸಿದಳು. ಹಸಿರು ದೀಪ. ಮತ್ತೊಮ್ಮೆ ಹಸಿರು ದೀಪ. ಸ್ವರ್ಣಲತಾ ಇದೇ ಮೊದಲ ಸಲ ಉಸಿರು ಪೂರ್ತಿ ಹೊರಗೆ ಬಿಟ್ಟು ಆಟ ನೋಡಿದಳು.

ಮೂರನೆಯ ಸಲ ಚಿಮ್ಮಿದಾಗ ರೆಫರಿ ಆಟ ನಿಲ್ಲಿಸಿದಳು. ಅಂಗೈಯಿಂದ ತನ್ನ ಹಿಂಬದಿ ತಟ್ಟಿ ತೋರಿಸಿ, ವಿಸ್ಮಯಾಳ ಕಡೆಗೆ ಹಳದಿ ಕಾರ್ಡು ಎತ್ತಿದಳು.

"ಎಂತದು? ಎಂತ ಮಾಡಿದಳು ಅವಳು?" ಸ್ವರ್ಣಲತಾ ತಾನು ಕೂತ ಕುರ್ಚಿಯ ಅಂಚಿಗೆ ಬಂದಳು.

"ಸೀಟಿನಿಂದ ಎದ್ದಳು. ಎರಡು ಕುಂಡೆಯೂ ಸೀಟಿಗೆ ತಾಗಿ ಇರ್ಬೇಕು, ಅದೇ ಈ ಆಟದ ದೊಡ್ಡ ಕಾನೂನು," ಎಂದ ಜುವೈರಿಯಾಳ ಹುಬ್ಬು ಗಂಟಾಗಿತ್ತು. "ಎರಡು ವರ್ಷದಲ್ಲಿ ಇವಳು ಒಂದು ಸಲ ಎದ್ದವಳಲ್ಲ, ಮಾರಾಯ್ರೆ."

ಮುಖವಾಡದೊಳಗಿಂದ ವಿಸ್ಮಯಾ ಕೂಗುತ್ತಿದ್ದಳು. "ನಾನು ಎದ್ದಿಲ್ಲ ಅಕ್ಕಾ! ಸತ್ಯವಾಗಿ ಎದ್ದಿಲ್ಲ!"

ಎದ್ದದ್ದು ಅವಳಿಗೆ ತಿಳಿಯುವ ಬಗೆಯೇ ಇರಲಿಲ್ಲ. ಸ್ವರ್ಣಲತಾಳಿಗೆ ಮಾತ್ರ ತಿಳಿಯಿತು. ಕುಶನಿನ ಕವರು ಒಂದು ಬದಿಗೆ ಸುಕ್ಕುಗಟ್ಟಿ ಉಬ್ಬಿತ್ತು. ಒಳಗೆ ಬೈರಾಸು ಜಾರುತ್ತಿತ್ತು. ಸ್ಪಂಜನ್ನು ಕಚ್ಚಿ ಕೂರಬೇಕಾದ ಮೈ, ಮೆತ್ತಗಿನ ಬಟ್ಟೆಯ ಮೇಲೆ ಎಣ್ಣೆ ಹಚ್ಚಿದಂತೆ ಸರಿದು ಒಂದು ಪಕ್ಕ ಮೇಲೇಳುತ್ತಿತ್ತು. ಅಷ್ಟೇ ಅಲ್ಲ. ಆ ಜಾರಿದ ಮಡಿಕೆ ಈಗ ದಪ್ಪ ಹಗ್ಗವಾಗಿ ಎಲ್ಲಿ ಒತ್ತುತ್ತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಹುಣ್ಣು ಆಗದಿರಲೆಂದು ಇಟ್ಟದ್ದೇ ಹುಣ್ಣಿನ ಜಾಗದಲ್ಲಿ ಗೆರೆ ಎಳೆಯುತ್ತಿತ್ತು.

ಹೇಳಬೇಕು. ಹೇಳಿದರೆ? ಬೆಳಿಗ್ಗೆ ಮೊಹರು ಒತ್ತಿದ ಕುಶನ್ ಅದು. ಅದರೊಳಗೆ ಏನನ್ನೋ ತುರುಕಿದ್ದಾರೆ ಎಂದರೆ ಮೋಸ ಎನ್ನುವುದಿಲ್ಲವೇ? ಹುಡುಗಿಯನ್ನು ಆಟದಿಂದ ಹೊರಗೆ ಹಾಕಿದರೆ ಅವಳು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಹೇಳದಿದ್ದರೆ ಇನ್ನೂ ಆರು ನಿಮಿಷ, ಏಳು ನಿಮಿಷ, ಅದೇ ಮಡಿಕೆಯ ಮೇಲೆ.

ಅವಳು ಹಿಂದುಮುಂದು ನೋಡುತ್ತಿರುವಾಗಲೇ ರೆಫರಿ ಮತ್ತೆ ನಿಲ್ಲಿಸಿದಳು. ಈ ಸಲ ಕೆಂಪು ಕಾರ್ಡು. ಝೈನಬಳಿಗೆ ಆಡದೆ ಬಂದ ಪಾಯಿಂಟು. ವಿಸ್ಮಯಾ ಗಲಿಬಿಲಿಗೊಂಡಳು. ಚುಚ್ಚಲು ಹೆದರಿದಳು, ಬಾಗಲು ಹೆದರಿದಳು. ಮೊದಲ ಸುತ್ತು ಮುಗಿದಾಗ ಹಲಗೆಯ ಮೇಲೆ ಏಳು–ನಾಲ್ಕು. ನಾಲ್ಕು ಇವಳದು.

ಒಂದು ನಿಮಿಷದ ಬಿಡುವು. ಸ್ವರ್ಣಲತಾ ಎದ್ದು ನಡೆದಳು.

"ಜುವೈರಿಯಾ, ಕುಶನಿನ ಒಳಗೆ ಬೈರಾಸು ಉಂಟು."

"ಎಂತ ಉಂಟು?"

"ಬೈರಾಸು. ನಾಲ್ಕು ಮಡಿಕೆ ಮಾಡಿದ್ದು. ನಾನೇ ಇಟ್ಟದ್ದು, ಊಟ ಆದ ಮೇಲೆ."

ಮುಖವಾಡ ತೆಗೆದಿದ್ದ ವಿಸ್ಮಯಾ ಬೆವರು ಸುರಿಯುವ ಮುಖ ತಿರುಗಿಸಿ ತಾಯಿಯನ್ನು ನೋಡಿದಳು.

"ಯಾ ಅಲ್ಲಾ," ಎಂದಳು ಜುವೈರಿಯಾ. "ಅವಳೆಂತ ಕೊಡಪಾನವಾ ಸ್ವರ್ಣಕ್ಕ, ಸಿಂಬೆ ಇಡ್ಲಿಕ್ಕೆ?"

"ಅವಳನ್ನು ಹೊರಗೆ ಹಾಕ್ತಾರಾ?"

"ಗೊತ್ತಿಲ್ಲ. ಹಾಕಿದ್ರೂ ಹಾಕಬಹುದು. ಆದ್ರೆ ಅದನ್ನು ಕದ್ದು ತೆಗೀಲಿಕ್ಕೆ ನನ್ನಿಂದ ಆಗುವುದಿಲ್ಲ. ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೇನೆ."

ರೆಫರಿ ಈಜಿಪ್ಟಿನ ಹೆಂಗಸು. ಸ್ವರ್ಣಲತಾಳಿಗೆ ಬರುತ್ತಿದ್ದ ಅರಬಿ ತರಕಾರಿ ಅಂಗಡಿಗೆ ಸಾಕಾಗುವಷ್ಟು. ಅವಳು ಕುಶನ್ ತೋರಿಸಿದಳು, ಗಾಳಿಯಲ್ಲಿ ಬಟ್ಟೆ ಮಡಚಿ ತೋರಿಸಿದಳು, ಆಮೇಲೆ ಎದೆ ಮುಟ್ಟಿಕೊಂಡು "ಅನಾ, ಅನಾ" ಎಂದಳು. ನಾನು, ನಾನೇ. ಮಗಳತ್ತ ಬೆರಳು ಮಾಡಿ ಜೋರಾಗಿ ತಲೆಯಾಡಿಸಿದಳು: ಅವಳಿಗೆ ಗೊತ್ತೇ ಇಲ್ಲ. ಉಳಿದದ್ದನ್ನು ಜುವೈರಿಯಾ ಅರಬಿಯಲ್ಲಿ ಬಿಡಿಸಿ ಹೇಳಿದಳು.

ಜುವೈರಿಯಾ, ಸ್ವರ್ಣಲತಾ ಇಬ್ಬರೂ ಸೇರಿ ವಿಸ್ಮಯಾಳನ್ನು ಎತ್ತಿ ಹಿಡಿದರು. ರೆಫರಿ ಜಿಪ್ಪು ತೆಗೆದು, ಮುದ್ದೆಯಾಗಿದ್ದ ಕೆಂಪು ಚೌಕುಳಿಯ ಬೈರಾಸನ್ನು ಎಳೆದಳು. ಅದು ಬಂತು, ಬಂತು, ಬರುತ್ತಲೇ ಇತ್ತು. ಎದುರು ಕುರ್ಚಿಯಲ್ಲಿದ್ದ ಝೈನಬ್ ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ರೆಫರಿ ನಗಲಿಲ್ಲ. ಕುಶನಿನ ದಪ್ಪವನ್ನು ಮತ್ತೆ ಅಳೆದಳು, ಮೊಹರು ನೋಡಿದಳು, ಪಕ್ಕದ ಮೇಜಿನವರ ಹತ್ತಿರ ಏನೋ ಮಾತಾಡಿದಳು. ಸ್ವರ್ಣಲತಾ ಬೈರಾಸನ್ನು ಎದೆಗೆ ಅವುಚಿ ನಿಂತಿದ್ದಳು.

ಇನ್ನೊಂದು ಕೆಂಪು ಕಾರ್ಡು. ಎಂಟು–ನಾಲ್ಕು.

"ಅಷ್ಟೇನಾ?" ಎಂದಳು ಸ್ವರ್ಣಲತಾ.

"ಅಷ್ಟೇ. ಆಟ ಮುಂದುವರಿಯುತ್ತದೆ. ನೀವು ಹೋಗಿ ಕೂತ್ಕೊಳ್ಳಿ, ಯಲ್ಲಾ, ಬೇಗ."

ಹೊರಗೆ ಹಾಕಲಿಲ್ಲ. ಅವಳು ಹೋಗಿ ಕೂತಳು. ಎಷ್ಟೋ ಹೊತ್ತಿನಿಂದ ಹೊತ್ತಿದ್ದ ಕೊಡ ಕಟ್ಟೆಯ ಮೇಲಿಳಿಸಿದವಳಂತೆ ಅವಳ ಕುತ್ತಿಗೆ ಹಗುರಾಯಿತು. ಮಗಳು ಮುಖವಾಡ ಎಳೆದುಕೊಳ್ಳುವ ಮೊದಲು ಈ ಕಡೆ ನೋಡಿದ ನೋಟ ಮಾತ್ರ ಒಳಗೆಲ್ಲೋ ನಾಟಿಕೊಂಡಿತ್ತು.

ಆಮೇಲಿನ ಆಟವನ್ನು ನೋಡಬೇಕಿತ್ತು. ಸ್ಪಂಜಿನ ಮೇಲೆ ಅಂಟಿ ಕೂತ ವಿಸ್ಮಯಾ ತನ್ನ ಹಳೆಯ ಬಾಗು, ಹಳೆಯ ಚಿಮ್ಮು ಎಲ್ಲ ಮರಳಿ ಪಡೆದಳು. ಝೈನಬ್ ಉದ್ದ ಕೈ ಚಾಚಿದರೆ ಅದರ ಒಳಗೇ ನುಗ್ಗಿ ಭುಜಕ್ಕೆ ತಾಗಿಸಿದಳು. ಒಮ್ಮೆ ಇಬ್ಬರ ದೀಪವೂ ಒಟ್ಟಿಗೆ ಹತ್ತಿತು, ಇನ್ನೊಮ್ಮೆ ಹತ್ತಿತು. ಒಂಬತ್ತು–ಏಳು, ಹನ್ನೆರಡು–ಹನ್ನೊಂದು, ಹದಿಮೂರು–ಹದಿಮೂರು. ಜುವೈರಿಯಾ ನಿಂತಲ್ಲಿ ನಿಲ್ಲದೆ ಬ್ಯಾರಿ ಭಾಷೆಯಲ್ಲಿ ಏನೇನೋ ಕೂಗುತ್ತಿದ್ದಳು. ಸ್ವರ್ಣಲತಾ ಬೈರಾಸಿನ ಚುಂಗು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಝೈನಬಳ ತುದಿ ಮೊಣಕೈಗೆ ತಾಗಿತು, ಆಟ ಮತ್ತೆ ಶುರುವಾದ ಕ್ಷಣವೇ ಮುಖವಾಡಕ್ಕೆ.

ಹದಿನೈದು–ಹದಿಮೂರು. ವಿಸ್ಮಯಾ ಸೋತಳು.

ಇಬ್ಬರೂ ಮುಖವಾಡ ತೆಗೆದು, ಕತ್ತಿ ಹಿಡಿಯದ ಕೈ ಚಾಚಿ ಕುಲುಕಿದರು. ಅಷ್ಟರಲ್ಲಿ ಹೊರಗಿನ ಮಸೀದಿಯಿಂದ ಅಸರ್ ನಮಾಜಿನ ಬಾಂಗ್ ಕೇಳಿತು. ಪಂದ್ಯಕ್ಕೆ ಅರ್ಧ ಗಂಟೆ ವಿರಾಮ. ಸಭಾಂಗಣ ಖಾಲಿಯಾಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಚಾಪೆ ಹಾಸಿ, ಬಾಗಿಲು ಹಾಕಿ, ಸ್ವರ್ಣಲತಾ ಮಗಳನ್ನು ಬೋರಲು ಮಲಗಿಸಿದಳು. ನೋಡಿದಳು. ಎಡ ತೊಡೆಯ ಬುಡದಿಂದ ಹಳೆಯ ಹುಣ್ಣಿನ ಕಲೆಯವರೆಗೆ ಒಂದು ಕೆಂಪು ಗೆರೆ. ಬೈರಾಸಿನ ಅಂಚಿನ ಹೆಣಿಗೆಯೂ ಮೂಡಿತ್ತು.

"ಉಂಟಾ?" ಎಂದು ಕೇಳಿದಳು ವಿಸ್ಮಯಾ, ಮುಖ ಅಡಿಗೆ ಹಾಕಿ.

"ಉಂಟು."

"ಒತ್ತು."

ಸ್ವರ್ಣಲತಾ ಬೆರಳು ಒತ್ತಿ, ತೆಗೆದಳು. ಬೆಳ್ಳಗಾಯಿತು. ಒಂದು ಗಳಿಗೆಯಲ್ಲಿ ಕೆಂಪು ಮರಳಿತು.

"ರಕ್ತ ಓಡ್ತಾ ಉಂಟು ಮಗಾ."

"ಹಾಗಾದ್ರೆ ಅರ್ಧ ಗಂಟೆ. ಮೂರು ಇಪ್ಪತ್ತೆಂಟು ಈಗ. ಬರೆದಿಡು."

ಸ್ವರ್ಣಲತಾ ಗೋಡೆಗೆ ಒರಗಿ ಕೂತಳು. ಷರತ್ತು ಹಾಕಿದವಳು ತಾನು. ಗೆರೆ ಎಳೆದವಳೂ ತಾನು. ಇದು ಹೋಗದಿದ್ದರೆ ಆಟ ಬಂದ್ ಮಾಡುವ ಬಾಯಿ ತನಗಿದೆಯೇ? ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: "ನಿನ್ನನ್ನು ಕೇಳ್ಬೇಕಿತ್ತು ನಾನು."

"ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಚಾಪೆಯ ಕಡೆಯಿಂದ ಒಂದು ಸದ್ದು ಬಂತು. ಅಳುತ್ತಿದ್ದಾಳೆಂದು ಸ್ವರ್ಣಲತಾ ಬಗ್ಗಿದಳು. ಹುಡುಗಿ ನಗುತ್ತಿದ್ದಳು. "ಆ ರೆಫರಿ ಎಳೀತಾ ಇದ್ದದ್ದು ನೋಡಿದ್ಯಾ ನೀನು? ನಾನು ಗಾಳಿಯಲ್ಲಿ ನೇತಾಡ್ತಾ ಇದ್ದೇನೆ, ಬೈರಾಸು ಮುಗಿಯುವುದೇ ಇಲ್ಲ. ಲೆಕ್ಕ ಹಾಕಿದ್ಯಾ? ಎರಡು ಕೆಂಪು ಕಾರ್ಡು, ಎರಡು ಪಾಯಿಂಟು. ಝೈನಬ್ ನಂಗೆ ಹೊಡೆದದ್ದು ಹದಿಮೂರೇ. ಬಾಕಿ ಎರಡು ಹೊಡೆದದ್ದು ನೀನು."

ಬಾಗಿಲು ಬಡಿದ ಸದ್ದು. ಝೈನಬ್. ವಿಸ್ಮಯಾಳ ಮೇಲೆ ಬೈರಾಸು ಹೊದೆಸಿ ಸ್ವರ್ಣಲತಾ ಬಾಗಿಲು ತೆರೆದಳು. ಕುರ್ಚಿಯನ್ನು ಅರ್ಧ ಒಳಗೆ ನುಗ್ಗಿಸಿ ಅವಳು ಉರ್ದುವಿನಲ್ಲಿ ಕೇಳಿದಳು: "ಗೆರೆ ಬಂದಿದೆಯಾ ಆಂಟಿ?"

"ಬಂದಿದೆ. ಒತ್ತಿದರೆ ಬೆಳ್ಳಗಾಗ್ತದೆ."

"ಹಾಗಾದರೆ ಹೋಗುತ್ತದೆ. ನನ್ನಮ್ಮ ಇಟ್ಟದ್ದು ಕುರಿಯ ಚರ್ಮ. ಉಣ್ಣೆಯ ಸಮೇತ. ರಿಯಾದಿನಲ್ಲಿ ಆಟದ ನಡುವೆ ಕುಶನಿನಿಂದ ಉಣ್ಣೆ ಉದುರಲು ಶುರುವಾಯಿತು." ಅವಳು ಹೊರಡುತ್ತ ಕತ್ತು ತಿರುಗಿಸಿ, "ಏಯ್ ಯಾನ್ಬು! ಮದೀನಾಕ್ಕೆ ಬಾ, ಮುಂದಿನ ತಿಂಗಳು ನಮ್ಮಲ್ಲಿ ಪಂದ್ಯ. ಅಮ್ಮಂದಿರನ್ನು ಒಂದು ಕೋಣೆಯಲ್ಲಿ ಕೂಡಿ ಹಾಕಿ ಆಡುವಾ" ಎಂದಳು.

ಮೂರು ಐವತ್ತಕ್ಕೆ ಗೆರೆ ಗುಲಾಬಿಯಾಗಿತ್ತು. ಐವತ್ತೈದಕ್ಕೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹುಡುಕಬೇಕಾಯಿತು. ಐವತ್ತೆಂಟಕ್ಕೆ ಸ್ವರ್ಣಲತಾ ಮೊಬೈಲಿನ ಬೆಳಕು ಹಾಕಿ, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದಳು. ಚರ್ಮ ಬೇರೆ ಚರ್ಮದ ಹಾಗೆಯೇ ಇತ್ತು. ಹಳೆಯ ಕಲೆ ಹಳೆಯ ಕಲೆಯ ಹಾಗೆಯೇ ಇತ್ತು.

"ಹೋಯ್ತು," ಎಂದಳು. ಇನ್ನೊಮ್ಮೆ ಹೇಳಿದಳು, "ಹೋಯ್ತು ಮಗಾ."

"ನಂಗೂ ತೋರಿಸು."

ಚೀಲದಲ್ಲಿ ಉದ್ದ ಹಿಡಿಯ ಕನ್ನಡಿ ಇತ್ತು. ಡಾಕ್ಟರಮ್ಮ ವಿಸ್ಮಯಾಳಿಗೆಂದೇ ಕೊಟ್ಟದ್ದು. ಒಂದು ವರ್ಷದಿಂದ ತಾಯಿಯ ಕೈಯಲ್ಲೇ ಉಳಿದಿತ್ತು. ಸ್ವರ್ಣಲತಾ ಅದನ್ನು ಮಗಳ ಕೈಗೆ ಕೊಟ್ಟಳು. ವಿಸ್ಮಯಾ ಹಿಂದಕ್ಕೆ ತಿರುಗಿ, ಕನ್ನಡಿಯನ್ನು ಆ ಕಡೆ ಈ ಕಡೆ ವಾಲಿಸಿ, ಸಾವಕಾಶವಾಗಿ ನೋಡಿಕೊಂಡಳು.

"ಇನ್ನು ಇದು ನನ್ನ ಹತ್ರವೇ ಇರ್ಲಿ. ನಾನು ನೋಡಿ ನಿಂಗೆ ಹೇಳ್ತೇನೆ."

"ದಿನಾ?"

"ದಿನಾ."

"ಎರಡು ಹೊತ್ತು?"

"ಅಮ್ಮಾ."

"ಸರಿ, ಸರಿ," ಎಂದಳು ಸ್ವರ್ಣಲತಾ.

ವಿಸ್ಮಯಾ ಮೈಮೇಲಿನ ಬೈರಾಸು ತೆಗೆದು, ಅದರಲ್ಲೇ ಮುಖ, ಕುತ್ತಿಗೆ, ಕಂಕುಳು ಎಲ್ಲ ಒರೆಸಿಕೊಂಡು ತಾಯಿಯ ಮಡಿಲಿಗೆ ಎಸೆದಳು. ಒದ್ದೆಯಾಗಿತ್ತು.

ಅಷ್ಟರಲ್ಲಿ ಫೋನು ಬಂತು. ಗಂಡ ಜಿತೇಶ್, ರಿಫೈನರಿಯ ಪಾಳಿಯ ನಡುವೆ. "ಎಂತ ಆಯ್ತು ಮಾರಾಯ್ತಿ?"

"ಸೋತಳು!" ಎಂದಳು ಸ್ವರ್ಣಲತಾ. ಗೋಡೆಗೆ ತಲೆಯೊರಗಿಸಿ, ಕಾಲು ನೀಡಿ ಕೂತಿದ್ದಳು. "ಹದಿನೈದು–ಹದಿಮೂರು. ಮುಂದಿನ ತಿಂಗಳು ಮದೀನಾಕ್ಕೆ ಹೋಗ್ಲಿಕ್ಕುಂಟು, ರಜೆಗೆ ಹೇಳಿಡಿ."

"ಸೋತದ್ದಕ್ಕೆ ಇಷ್ಟು ಖುಷಿ ಎಂತಕ್ಕೆ ನಿಂಗೆ?"